ಡೈರೆಕ್ಟರ್ ರಿಟೈರ್ ಆಗ್ತಿದ್ದಾರೆ, ಆ ಕುರ್ಚಿ ನನಗೆ ಸಿಗುತ್ತಾ?

ಪ್ರಶ್ನೆ: ನಾನು ಮೈಸೂರಿನವಳು. ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿನಲ್ಲಿ, ಅಂದರೆ ವಿದ್ಯಾರ್ಥಿಗಳ ಹಣದ ನೆರವು ನೋಡಿಕೊಳ್ಳುವ ಕಚೇರಿಯಲ್ಲಿ, ಒಂಬತ್ತು ವರ್ಷದಿಂದ ಇದ್ದೇನೆ. ನಮ್ಮ ಡೈರೆಕ್ಟರ್ ಬರುವ ಜೂನ್‌ನಲ್ಲಿ ನಿವೃತ್ತರಾಗುತ್ತಾರೆ. ‘ಮುಂದೆ ನೀನೇ’ ಅಂತ ಎಲ್ಲರೂ ಹೇಳುತ್ತಾರೆ, ಎಚ್‌ಆರ್ ಮಾತ್ರ ಬಾಯಿ ಬಿಡುತ್ತಿಲ್ಲ. ನಾನಾಗಿ ಕೇಳಿದರೆ ಅವರ ಕುರ್ಚಿ ಮೇಲೆ ಕಣ್ಣು ಹಾಕಿದ ಹಾಗಾಗುತ್ತಾ? ಊರಿನ ಎಂ.ಕಾಂ. ಬಿಟ್ಟರೆ ಇಲ್ಲಿನ ಡಿಗ್ರಿ ನನಗಿಲ್ಲ.

ಉತ್ತರ: ಕೇಳಿ, ಈ ವಾರವೇ ಕೇಳಿ. ‘ಹುದ್ದೆ ಕೊಡಿ’ ಅಂದರೆ ಅವರಿಗೂ ಕಷ್ಟ. ‘ನೀವೊಬ್ಬರೇ ಮಾಡುವ ಕೆಲಸ ನನಗೂ ಕಲಿಸಿ’ ಅಂದರೆ ಬೇಡ ಅನ್ನುವವರು ಕಡಿಮೆ.

ಎಚ್‌ಆರ್ ಸುಮ್ಮನಿರುವುದಕ್ಕೆ ಕಾರಣ ಇದೆ. ಇದು ಸಾರ್ವಜನಿಕ ಕಾಲೇಜು. ಮಠದಲ್ಲಿ ಕಿರಿಯ ಸ್ವಾಮೀಜಿಯನ್ನು ಮೊದಲೇ ನೇಮಿಸಿದ ಹಾಗೆ ಇಲ್ಲಿ ಯಾರನ್ನೂ ಕೂರಿಸಿಡಲು ಆಗಲ್ಲ. ಜಾಹೀರಾತು, ಸಮಿತಿ, ಸಂದರ್ಶನ ಆಗಬೇಕು. ಹಾಗಂತ ಒಳಗಿನವರನ್ನು ತಯಾರು ಮಾಡಬಾರದು ಅಂತ ಎಲ್ಲೂ ಇಲ್ಲ, ಅಲ್ವಾ? ಇವೆರಡನ್ನೂ ಒಂದೇ ಅಂದುಕೊಂಡು ಎಷ್ಟೋ ಕಾಲೇಜುಗಳು ಏನೂ ಮಾಡದೆ ಕೂತು, ಕೊನೆ ದಿನ ಕೇಕ್ ಕತ್ತರಿಸಿ, ಇಪ್ಪತ್ತು ವರ್ಷದ ಅನುಭವವನ್ನು ಪಾರ್ಕಿಂಗ್ ಲಾಟ್‌ವರೆಗೆ ಹೋಗಿ ಬೀಳ್ಕೊಟ್ಟು ಬರುತ್ತವೆ. ಬೇಕಾದರೆ ಆಮೇಲೆ ಕರೆಸಿಕೊಂಡರಾಯ್ತು ಅನ್ನುವುದೂ ಸುಲಭ ಅಲ್ಲ. ಕ್ಯಾಲ್‌ಪರ್ಸ್ (ಕ್ಯಾಲಿಫೋರ್ನಿಯಾದ ಸಾರ್ವಜನಿಕ ನೌಕರರ ಪಿಂಚಣಿ ಸಂಸ್ಥೆ) ಪಿಂಚಣಿ ತಗೊಂಡವರು ವಾಪಸ್ ಕೆಲಸಕ್ಕೆ ಬರಲು ಸಾಮಾನ್ಯವಾಗಿ 180 ದಿನ ಕಾಯಬೇಕು, ಆಮೇಲೂ ಹಣಕಾಸು ವರ್ಷಕ್ಕೆ 960 ಗಂಟೆಯ ಮಿತಿ ಇದೆ.

ಹಾಗಾಗಿ ಅವರ ತಲೆಯಲ್ಲಿ ಮಾತ್ರ ಇರುವುದನ್ನು ಈಗಲೇ ಹಾಳೆಗೆ ಇಳಿಸಿ. ಸೆಮಿಸ್ಟರ್ ಮಧ್ಯೆ ವಿದ್ಯಾರ್ಥಿ ಬಿಟ್ಟುಹೋದರೆ ಅವರಿಗೆ ಕೊಟ್ಟ ಫೆಡರಲ್ (ಕೇಂದ್ರ ಸರ್ಕಾರದ) ನೆರವಿನ ದುಡ್ಡಲ್ಲಿ ಕಾಲೇಜು ವಾಪಸ್ ಕಟ್ಟಬೇಕಾದ ಪಾಲಿಗೆ, ಬಿಟ್ಟದ್ದು ಗೊತ್ತಾದ ದಿನದಿಂದ 45 ದಿನದ ಗಡುವು. ಆ ದಿನ ಯಾವುದು ಅಂತ ನಿಮ್ಮಲ್ಲಿ ಯಾರು ನಿರ್ಧರಿಸುತ್ತಾರೆ? ಆಡಿಟ್‌ನವರು ಬಂದಾಗ ಯಾವ ಫೈಲ್ ಮೊದಲು ಕೇಳುತ್ತಾರೆ? 2023ರಲ್ಲಿ ಹೊಸ ಫ್ಯಾಫ್ಸಾ (ಫೆಡರಲ್ ನೆರವಿಗೆ ವಿದ್ಯಾರ್ಥಿಗಳು ತುಂಬುವ ಅರ್ಜಿ) ಫಾರ್ಮ್ ಅಕ್ಟೋಬರ್ 1ಕ್ಕೆ ಬರಬೇಕಾದದ್ದು ಡಿಸೆಂಬರ್ ಕೊನೆಗೆ ಬಂತಲ್ಲ, ಆಗ ಅವರು ಯಾರಿಗೆ ಫೋನ್ ಮಾಡಿದರು, ಏನನ್ನು ಮುಂದಕ್ಕೆ ಹಾಕಿದರು, ಡೀನ್‌ಗೆ ಏನು ಹೇಳಿ ಒಪ್ಪಿಸಿದರು? ಯಾವ ಮ್ಯಾನ್ಯುಯಲ್‌ನಲ್ಲೂ ಇದು ಸಿಗಲ್ಲ. ಒಂದು ಕಾಫಿ ಕುಡಿಯುತ್ತಾ ಕೇಳಿದರೆ ಸಿಗುತ್ತದೆ. ನಿವೃತ್ತರಾಗುವವರಿಗೆ ಹಳೇ ಕಷ್ಟ ಹೇಳಿಕೊಳ್ಳುವುದು ಇಷ್ಟ, ಸುಮ್ನೆ ಕಿವಿ ಕೊಡಿ ಸಾಕು.

ಅವರು ರಜೆ ಹೋದಾಗ ಉಸ್ತುವಾರಿ ನಿಮಗೆ ಕೊಡಲಿ, ಅದು ಇಮೇಲ್‌ನಲ್ಲಿ ಬರಲಿ. ಬಾಯಿಮಾತಿನ ‘ನೋಡ್ಕೋ ಸ್ವಲ್ಪ’ ಸಂದರ್ಶನದಲ್ಲಿ ಲೆಕ್ಕಕ್ಕೆ ಬರಲ್ಲ.

ಇನ್ನು ಡಿಗ್ರಿ. ಹುದ್ದೆ ‘ಎಜುಕೇಷನಲ್ ಅಡ್ಮಿನಿಸ್ಟ್ರೇಟರ್’ ವರ್ಗದಲ್ಲಿದ್ದರೆ ಮಾಸ್ಟರ್ಸ್ ಡಿಗ್ರಿ, ಜೊತೆಗೆ ಆ ಕೆಲಸಕ್ಕೆ ಹೊಂದುವ ಒಂದು ವರ್ಷದ ತರಬೇತಿ ಅಥವಾ ನಾಯಕತ್ವದ ಅನುಭವ ಬೇಕು. ಬೇರೆ ವರ್ಗದ ಮ್ಯಾನೇಜರ್ ಹುದ್ದೆಯಾದರೆ ಷರತ್ತು ಬೇರೆ. ಹಳೇ ಜಾಹೀರಾತು ತೆಗೆದು ನೋಡಿ. ನಿಮ್ಮ ಎಂ.ಕಾಂ. ಇಲ್ಲಿನ ಯಾವ ಡಿಗ್ರಿಗೆ ಸಮ ಅಂತ ಹೇಳುವ ಮೌಲ್ಯಮಾಪನ ಸಂಸ್ಥೆಗೆ ಈಗಲೇ ಕಳಿಸಿ, ಯಾಕಂದರೆ ಅದಕ್ಕೂ ಮೊದಲಿನ ನಮ್ಮ ಮೂರು ವರ್ಷದ ಬಿ.ಕಾಂ. ಅನ್ನು ಎಲ್ಲ ಸಂಸ್ಥೆಗಳೂ ಒಂದೇ ರೀತಿ ನೋಡಲ್ಲ. ಕೊನೆ ವಾರದಲ್ಲಿ ಊರಿನ ಯೂನಿವರ್ಸಿಟಿಯಿಂದ ಮಾರ್ಕ್ಸ್ ಕಾರ್ಡ್ ತರಿಸುವ ಪಾಡು ನಿಮಗೆ ಬೇಡ.

ಜುಲೈನಲ್ಲಿ ‘ಇಂಟರಿಮ್ ಆಗಿ (ತಾತ್ಕಾಲಿಕವಾಗಿ) ನೋಡ್ಕೊಳ್ಳಿ’ ಅಂದರೆ ತಕ್ಷಣ ತಲೆ ಆಡಿಸಬೇಡಿ. ಸಂಬಳ ಎಷ್ಟು, ಕಾಯಂ ಹುದ್ದೆ ಸಿಗದಿದ್ದರೆ ಹಳೇ ಕೆಲಸಕ್ಕೆ ವಾಪಸ್ ಬರಬಹುದಾ, ಎರಡನ್ನೂ ಬರೆಸಿಕೊಳ್ಳಿ. ಅಷ್ಟಾಗಿಯೂ ಹೊರಗಿನವರೇ ಬಂದರೂ ಬರಬಹುದು. ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ, ನೀವು ಕಲಿತದ್ದು ಅಲ್ಲೆಲ್ಲ ನಡೆಯುತ್ತದೆ.

ಪ್ರಶ್ನೆ: ನಾನು ಇಲ್ಲೇ ಇನ್ನೊಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಡಿಪಾರ್ಟ್‌ಮೆಂಟ್ ಚೇರ್ (ವಿಭಾಗದ ಮುಖ್ಯಸ್ಥ) ಆದರೆ ಡೀನ್ ಆಗಲು ಸಹಾಯ ಆಗುತ್ತಾ?

ಉತ್ತರ: ಆಗುತ್ತದೆ, ಮೇಲೆ ಹೇಳಿದ ಒಂದು ವರ್ಷದ ಅನುಭವ ಅಲ್ಲೇ ಸಿಗಬಹುದು. ಆದರೆ ಎಷ್ಟು ಕ್ಲಾಸ್ ಕಡಿಮೆ ಮಾಡುತ್ತಾರೆ ಅಂತ ಮೊದಲು ಕೇಳಿ. ಪೂರ್ತಿ ಪಾಠ ಮಾಡಿಕೊಂಡು, ರಾತ್ರಿ ಟೈಮ್‌ಟೇಬಲ್ ಹಾಕುತ್ತಾ ಕೂತರೆ ಎರಡೂ ಕೆಡುತ್ತವೆ.