ಕೈಯಲ್ಲಿ ಒಂದೇ ಗುಲಾಮ, ಆದರೂ ಪಾಸ್ ಅನ್ನಬಾರದಿತ್ತು

ಪ್ರಶ್ನೆ: ನಮ್ಮದು ಕಲಬುರಗಿ. ರಿಟೈರ್ ಆಗಿರುವ ಮಾವನವರು ನನಗೆ ಇಸ್ಪೀಟಿನ ಬ್ರಿಜ್ ಆಟ ಕಲಿಸಿದ್ದಾರೆ, ಮಾವ ನಾನು ಒಂದು ಜೋಡಿಯಾಗಿ ಭಾನುವಾರ ಪಕ್ಕದ ಮನೆಯ ಗಂಡ ಹೆಂಡತಿ ಜೊತೆ ಆಡ್ತೀವಿ. ಹೋದ ವಾರ ಅವರಲ್ಲೊಬ್ಬರು 'ಒಂದು ಹಾರ್ಟ್' (ಹಾರ್ಟ್ ತುರುಫಾಗಿ ಏಳು ಟ್ರಿಕ್, ಅಂದರೆ ಏಳು ಸುತ್ತು, ಗೆಲ್ತೀವಿ ಅನ್ನೋ ಬಿಡ್) ಅಂದರು, ಮಾವ 'ಡಬಲ್' ಅಂದರು, ಇನ್ನೊಬ್ಬರು ಪಾಸ್. ನನ್ನ ಹತ್ತಿರ ಸ್ಪೇಡ್‌ನಲ್ಲಿ ಗುಲಾಮ, ಎಂಟು, ಆರು, ಮೂರು. ಉಳಿದ ರಂಗುಗಳಲ್ಲಿ ಮೂರ್ಮೂರು ಸಣ್ಣ ಎಲೆ. ನಾನೂ ಪಾಸ್ ಅಂದೆ. ಅವರು ಒಂಬತ್ತು ಟ್ರಿಕ್ ಎತ್ತಿದರು. ಮಾವ ಎಲ್ಲರೆದುರು ಬೈದರು, ರಾತ್ರಿ ಊಟಕ್ಕೂ ನಮ್ಮ ಜೊತೆ ಕೂಡಲಿಲ್ಲ. ಆಟ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ ತಂಗಿ. ಆದರೆ ತಪ್ಪು ನಿಮ್ಮದೇ, ಅದನ್ನು ಮೊದಲು ಒಪ್ಪಿಕೊಳ್ಳೋಣ.

'ಡಬಲ್' ಅಂದರೆ ಅವರನ್ನು ಸೋಲಿಸ್ತೀನಿ ಅಂತ ನೀವು ತಿಳಿದಿರಿ, ಅಲ್ವಾ? ಎದುರಿನವರು ಆಗ ತಾನೇ ಒಂದು ಹಾರ್ಟ್ ಅಂದು ಶುರು ಮಾಡಿದಾಗ ಹಾಕುವ ಡಬಲ್ ಬೇರೆ. 'ನನ್ನ ಹತ್ತಿರ ದೊಡ್ಡ ಎಲೆಗಳ ಲೆಕ್ಕದಲ್ಲಿ ಸುಮಾರು 12 ಪಾಯಿಂಟ್ ಅಥವಾ ಜಾಸ್ತಿ ಇದೆ, ಹಾರ್ಟ್ ಕಡಿಮೆ, ಉಳಿದ ಮೂರು ರಂಗಿನಲ್ಲಿ ನಿನಗೆ ಯಾವುದು ಉದ್ದ ಹೇಳು' ಅಂತ ಮಾವ ಕೇಳಿದ್ದು. ಏನೂ ಇಲ್ಲ ಅಂತ ಸುಮ್ನೆ ಕೂರೋದು ಬೇರೆ ಕಡೆ ನಡೆಯುತ್ತೆ, ಇಲ್ಲಿ ನಡೆಯಲ್ಲ, ಯಾಕೆಂದರೆ ಕೈ ಎಷ್ಟು ಬಡವಾಗಿದೆಯೋ ಪಾಸ್ ಅಷ್ಟೇ ದುಬಾರಿ. ನೀವು 'ಒಂದು ಸ್ಪೇಡ್' ಅನ್ನಬೇಕಿತ್ತು, ಅಷ್ಟೇ. ನೀವು ವಲ್ನರಬಲ್ (ದಂಡ, ಬೋನಸ್ ಎರಡೂ ಜಾಸ್ತಿಯಾಗುವ ಸ್ಥಿತಿ) ಅಲ್ಲದಿದ್ದರೆ, ಹೇಳಿದ್ದಕ್ಕಿಂತ ಒಂದು ಟ್ರಿಕ್ ಕಡಿಮೆ ಬಂದಿದ್ದರೂ 50 ಅಂಕ ಅಷ್ಟೇ ಹೋಗುತ್ತಿತ್ತು. ಅವರು ವಲ್ನರಬಲ್ ಅಲ್ಲದಿದ್ದರೂ ಒಂಬತ್ತು ಟ್ರಿಕ್‌ಗೆ 360 ಕೊಟ್ಟಿದ್ದೀರಿ! ಡಬಲ್ ಇಲ್ಲದಿದ್ದರೆ ಅದೇ ಆಟಕ್ಕೆ 140.

ಎಂಟು ಪಾಯಿಂಟ್ ತನಕ ಹೀಗೇ, ಸಿಕ್ಕ ಕೆಳಗಿನ ಮೆಟ್ಟಿಲಲ್ಲೇ ಉದ್ದನೆಯ ರಂಗು ಹೇಳಿ. 9ರಿಂದ 11 ಇದ್ದರೆ ಒಂದು ಮೆಟ್ಟಿಲು ಹಾರಿ 'ಎರಡು ಸ್ಪೇಡ್'. ಅದಕ್ಕಿಂತ ಜಾಸ್ತಿ ಇದ್ದರೆ ಅವರದೇ ರಂಗು ಹೇಳಬೇಕು, 'ಎರಡು ಹಾರ್ಟ್' ಅಂತ. ಕೇಳೋಕೆ ವಿಚಿತ್ರ, ಆದರೆ ಮಾವನಿಗೆ ಅರ್ಥವಾಗುತ್ತೆ. ಪಾಸ್ ಅನ್ನೋದು ಹಾರ್ಟ್‌ನಲ್ಲಿ ರಾಜ, ರಾಣಿ, ಗುಲಾಮ, ಹತ್ತು, ಒಂಬತ್ತು ಸಾಲಾಗಿ ನಿಮ್ಮ ಕೈಯಲ್ಲೇ ಕೂತಾಗ. ಇಲ್ಲವೇ ನಿಮಗಿಂತ ಮೊದಲು ಇನ್ನೊಬ್ಬ ಎದುರಾಳಿ ಬಾಯಿ ಹಾಕಿ ಏನಾದರೂ ಬಿಡ್ ಮಾಡಿದಾಗ, ಆಗ ನೀವು ಹೇಳಲೇಬೇಕು ಅಂತಿಲ್ಲ. ನಾನೂ ಹೊಸದರಲ್ಲಿ ಇದೇ ಪಾಸ್ ಹಾಕಿ, ಎರಡು ದಿನ ಗೆಳತಿಯ ಫೋನ್ ಎತ್ತಲಿಲ್ಲ.

ಇನ್ನು ಮಾವ. ಒಂದೇ ಶಬ್ದಕ್ಕೆ ಎರಡು ಅರ್ಥ ಇದೆ ಅಂತ ಕಲಿಸದೆ, ಪಕ್ಕದ ಮನೆಯವರೆದುರು ಬೈದಿದ್ದು ಸರಿಯಲ್ಲ. ಇದನ್ನು ನಿಮ್ಮ ಗಂಡನ ಬಾಯಿಂದ ಹೇಳಿಸಬೇಡಿ, ವಿಷಯ ಸುಮ್ನೆ ದೊಡ್ಡದಾಗುತ್ತೆ. ಸಂಜೆ ಬಿಸಿಲು ಇಳಿದ ಮೇಲೆ ಚಹಾ ಜೊತೆ ಅದೇ ಹದಿಮೂರು ಎಲೆ ಅವರ ಮುಂದೆ ಹರವಿ. 'ಮಾವಾ, ಇಲ್ಲಿ ಒಂದು ಸ್ಪೇಡ್ ಅನ್ನಬೇಕಿತ್ತು, ಹೌದಲ್ರಿ?' ಅಂತ ಕೇಳಿ. ಅವರು ಕನ್ನಡಕ ಹಾಕಿಕೊಂಡರೆ ಸಿಟ್ಟು ಇಳೀತು ಅಂತ ಲೆಕ್ಕ. ಆಗ ಮೆಲ್ಲಗೆ ಹೇಳಿ, ಬೈಯೋದಿದ್ದರೆ ಪಕ್ಕದ ಮನೆಯವರು ಎದ್ದು ಹೋದ ಮೇಲೆ ಬೈಯಿರಿ ಅಂತ.