ಎರಡನೇ ಬಾಟಲಿಯನ್ನು ಇವತ್ತೇ ತೆಗೆಯಬೇಡಿ

ಸರ್, ಈ ಬಿಯರ್ ಗುಂಪಿನಲ್ಲಿ ನಿಮ್ಮ ಪೋಸ್ಟ್ ಓದಿ ಸುಮ್ಮನಿರಲು ಆಗಲಿಲ್ಲ. 12% ಆಲ್ಕೋಹಾಲ್ ಇರುವ ಕೊಬ್ಬರಿ-ವೆನಿಲಾ ಇಂಪೀರಿಯಲ್ ಸ್ಟೌಟನ್ನು (ಹುರಿದ ಬಾರ್ಲಿಯ ಕಪ್ಪು, ಗಟ್ಟಿ ಬಿಯರ್) ಫ್ರಿಜ್‌ನಿಂದ ತೆಗೆದ ಕೂಡಲೇ ದೊಡ್ಡ ಪೈಂಟ್ ಗ್ಲಾಸಿಗೆ ಪೂರ್ತಿ ಬಗ್ಗಿಸಿದ್ದೀರಿ, ಅದೂ ಎರಡು ಐಪಿಎ (ಕಹಿ ಹೆಚ್ಚಿರುವ ಬಿಯರ್) ಮುಗಿಸಿದ ಮೇಲೆ. ಕೊನೆಗೆ "ಬರೀ ಸಿಹಿ, ಸ್ಪಿರಿಟ್ ಘಾಟು, ಕೊಬ್ಬರಿ ಎಲ್ಲೂ ಇಲ್ಲ, 5ಕ್ಕೆ 2" ಅಂತ ತೀರ್ಪು ಕೊಟ್ಟಿದ್ದೀರಿ. ಬಿಯರೇ ಕೆಟ್ಟದ್ದಿರಬಹುದು, ನಾನು ಅದನ್ನು ಕುಡಿದಿಲ್ಲ. ಆದರೆ ನೀವು ಕುಡಿದ ರೀತಿಯಲ್ಲಿ ಕುಡಿದರೆ ಒಳ್ಳೆಯದೂ ಹಾಗೇ ಅನ್ನಿಸುತ್ತದೆ. ಇನ್ನೊಂದು ಬಾಟಲಿ ಇದೆ ಅಂದಿದ್ದೀರಲ್ಲ, ದಯವಿಟ್ಟು ಅದನ್ನು ಇವತ್ತೇ ತೆಗೆಯಬೇಡಿ.

ಇದೇ ತಪ್ಪನ್ನು ನಾನು ಮಾಡಿದ್ದೇನೆ, ಅದೂ ಗೆಳೆಯನೊಬ್ಬ ದೂರದಿಂದ ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ತಂದ ಬಾಟಲಿಯಲ್ಲಿ. ಬರ್ಬನ್ ವಿಸ್ಕಿಯ ಪೀಪಾಯಿಯಲ್ಲಿ ಮಾಗಿದ ಸ್ಟೌಟು ಅದು. ನಾಲ್ಕು ಜನ ಸೇರಿದ್ದೆವು. ಚೆನ್ನಾಗಿ ತಣ್ಣಗಿರಲಿ ಅಂತ ನಾನೇ ಫ್ರೀಜರ್‌ನಲ್ಲಿ ಅರ್ಧ ಗಂಟೆ ಇಟ್ಟೆ. ಮೊದಲು ಐಪಿಎಗಳಾದವು, ಆಮೇಲೆ ಇದು. ಒಂದು ಗುಟುಕು ಕುಡಿದು "ಕಾಕಂಬಿ ನೀರು" ಅಂದವನೂ ನಾನೇ. ತಂದವನ ಮುಖ ಸಣ್ಣದಾಯಿತು. ರಾತ್ರಿ ಎಲ್ಲರೂ ಹೋದ ಮೇಲೆ ತೊಳೆಯಲು ಗ್ಲಾಸುಗಳನ್ನು ಸಿಂಕಿನ ಹತ್ತಿರ ತಂದೆ. ಒಂದರಲ್ಲಿ ಎರಡು ಬೆರಳಷ್ಟು ಉಳಿದಿತ್ತು. ಚೆಲ್ಲೋಣ ಅಂತ ಬಗ್ಗಿಸುವಾಗ ಕಂಪು ಮೂಗಿಗೆ ಬಂತು: ಹುರಿದ ಕೊಕೊ, ಒಣದ್ರಾಕ್ಷಿ, ಮರದ ವಾಸನೆ, ಅದರ ಬೆನ್ನಿಗೇ ಕೊಬ್ಬರಿ. ಆ ಬಿಯರಿಗೆ ಕೊಬ್ಬರಿ ಹಾಕಿಯೇ ಇರಲಿಲ್ಲ. ಪೀಪಾಯಿಯ ಅಮೆರಿಕನ್ ಓಕ್ ಮರದಲ್ಲಿರುವ ಲ್ಯಾಕ್ಟೋನು ಎಂಬ ಅಂಶಗಳೇ ಆ ಕಂಪು ಕೊಡುತ್ತವೆ. ಸಿಂಕಿನ ಮುಂದೆ ನಿಂತುಕೊಂಡೇ ಆ ಎರಡು ಬೆರಳನ್ನು ಹದಿನೈದು ನಿಮಿಷ ಕುಡಿದೆ. ಬಾಟಲಿ ಖಾಲಿ. ಮಾರನೇ ಬೆಳಿಗ್ಗೆ ಗೆಳೆಯನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ.

ಫ್ರಿಜ್ಜಿನ 4 ಡಿಗ್ರಿಯಲ್ಲಿ ಕಂಪು ಸರಿಯಾಗಿ ಏಳುವುದಿಲ್ಲ. ಕಂಪು ಕಳೆದರೆ ಉಳಿಯುವುದು ಸಿಹಿ, ಕಹಿ, ದಪ್ಪ, ಉರಿ. ಅದರಲ್ಲಿ ಕಹಿಯನ್ನು ನಿಮ್ಮ ಐಪಿಎಗಳು ತಿಂದುಹಾಕಿವೆ: ನಾಲಿಗೆ ಅವುಗಳ ಕಹಿಗೆ ಒಗ್ಗಿಹೋದ ಮೇಲೆ ಸ್ಟೌಟಿನ ಕಹಿ ಲೆಕ್ಕಕ್ಕೇ ಬರುವುದಿಲ್ಲ, ಸಿಹಿ ಒಂದೇ ಎದ್ದು ನಿಲ್ಲುತ್ತದೆ. ದೊಡ್ಡ ಗುಟುಕಿನಲ್ಲಿ ಇಳಿಸಿದ್ದಕ್ಕೆ ಸ್ಪಿರಿಟ್ ಘಾಟು. ನಿಮ್ಮ ಮೂರೂ ದೂರುಗಳು ಇಲ್ಲಿಗೇ ಬಂದು ನಿಲ್ಲುತ್ತವೆ.

ಅಂದಿನಿಂದ ನಾನು ಮಾಡುವುದು ಇಷ್ಟು. ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸುತ್ತೇನೆ, ಗಷ್ಟು ತಳಕ್ಕೆ ಇಳಿಯಲಿ ಅಂತ. ಕುಡಿಯುವ ಅರ್ಧ ಗಂಟೆ ಮುಂಚೆ ಫ್ರಿಜ್‌ನಿಂದ ಆಚೆ ಇಡುತ್ತೇನೆ. ಸುಮಾರು 8 ಡಿಗ್ರಿಗೆ ಬಂದಾಗ 60 ಮಿಲಿ, 12ಕ್ಕೆ ಬಂದಾಗ ಇನ್ನೊಂದು 60, 15-16ಕ್ಕೆ ಮತ್ತೊಂದು. ಪ್ರತಿ ಸಲ ಮೊದಲು ಮೂಗು, ಆಮೇಲೆ ಚಿಕ್ಕ ಗುಟುಕು, ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡುವುದು. ಕೊಬ್ಬರಿ, ವೆನಿಲಾ ಸಿಗುವುದು ಆ ಉಸಿರಿನಲ್ಲೇ, ನಾಲಿಗೆಯ ಮೇಲಲ್ಲ. ಒಂದೊಂದು ಸುತ್ತಿಗೆ ಒಂದೊಂದು ಸಾಲು ಬರೆಯಿರಿ, ಲೇಬಲ್ ನೋಡುವ ಮುಂಚೆಯೇ ಬರೆಯಿರಿ. ಲೇಬಲ್ ಮೇಲೆ ಕೊಬ್ಬರಿ ಅಂತ ಓದಿದ ಮೇಲೆ ಮನಸ್ಸು ಕೊಬ್ಬರಿಯನ್ನೇ ಹುಡುಕುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಬಾಟಲಿ ಮುಟ್ಟಿ ನೋಡಿ. ತಣ್ಣಗಿದೆ ಆದರೆ ಕೈ ಕೊರೆಯುವುದಿಲ್ಲ ಅನ್ನುವಷ್ಟಾದರೆ ಸರಿ. ಸುತ್ತುಗಳ ನಡುವೆ ಮುಚ್ಚಳ ಹಾಕಿಡಿ, ಗ್ಯಾಸ್ ಪೂರ್ತಿ ಹೋದರೆ ಎಷ್ಟೇ ಒಳ್ಳೆಯ ಸ್ಟೌಟೂ ಅಂಟಂಟು ಅನ್ನಿಸುತ್ತದೆ. ಹಾಗಂತ 20 ಡಿಗ್ರಿ ದಾಟಿಸಬೇಡಿ, ಆಗ ನಿಜವಾಗಿಯೂ ಸ್ಪಿರಿಟ್ಟೇ ಮೇಲೇಳುತ್ತದೆ. ನೈಟ್ರೋ (ನೈಟ್ರೋಜನ್ ತುಂಬಿದ) ಸ್ಟೌಟಿಗೆ ಇದು ಯಾವುದೂ ಅನ್ವಯಿಸುವುದಿಲ್ಲ. ಲೆಫ್ಟ್ ಹ್ಯಾಂಡ್ ಮಿಲ್ಕ್ ಸ್ಟೌಟ್ ನೈಟ್ರೋದಂಥದ್ದನ್ನು ತಣ್ಣಗೇ, ಜೋರಾಗಿ ಒಂದೇ ಸಲ ಬಗ್ಗಿಸಬೇಕು, ಇಲ್ಲದಿದ್ದರೆ ನೊರೆ ಕಟ್ಟುವುದಿಲ್ಲ.

ಪೈಂಟ್ ಗ್ಲಾಸ್ ಬೇಡವೇ ಬೇಡ. ಸ್ನಿಫ್ಟರ್ ಅಥವಾ ಟ್ಯೂಲಿಪ್ ಗ್ಲಾಸ್ ಇರಲಿ, ಅದೂ ಇಲ್ಲದಿದ್ದರೆ ವೈನ್ ಗ್ಲಾಸ್ ಸಾಕು. ಹೊಟ್ಟೆ ಅಗಲ, ಬಾಯಿ ಕಿರಿದು, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬಾರದು. ಇನ್ನೊಂದು ಮಾತು: ನಿಮ್ಮ ಫೋಟೋದಲ್ಲಿ ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡಿವೆ. ಅದು ಜಿಡ್ಡಿನ ಅಥವಾ ಸೋಪಿನ ಗುರುತು. ತೊಳೆದ ಗ್ಲಾಸಿಗೆ ನೀರು ಹಾಕಿ ಚೆಲ್ಲಿ ನೋಡಿ, ನೀರು ಒಂದೇ ಪದರವಾಗಿ ಜಾರಬೇಕು, ಹನಿ ಹನಿಯಾಗಿ ನಿಂತರೆ ಮತ್ತೆ ತೊಳೆಯಿರಿ. ಬಟ್ಟೆಯಲ್ಲಿ ಒರೆಸದೆ ಕವುಚಿ ಒಣಗಿಸಿ. ಇದನ್ನು ಎಷ್ಟು ಸಲ ಹೇಳಿದರೂ ಈ ಗುಂಪಿನಲ್ಲಿ ಕೇಳುವವರಿಲ್ಲ.

ಇನ್ನು ಸಿಹಿ. "ಸಕ್ಕರೆ ಸುರಿದಿದ್ದಾರೆ" ಅಂತ ಬರೆದಿದ್ದೀರಿ. ಸಾದಾ ಸಕ್ಕರೆ ಹಾಕಿದರೆ ಯೀಸ್ಟ್ ಅದನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ, ಸಿಹಿ ಉಳಿಯುವುದಿಲ್ಲ. ಉಳಿಯುವುದು ಯೀಸ್ಟಿಗೆ ದಕ್ಕದ ಮಾಲ್ಟಿನ (ಮೊಳಕೆ ಬರಿಸಿದ ಬಾರ್ಲಿಯ) ಅಂಶ ಮತ್ತು, ಹಾಕಿದ್ದರೆ, ಲ್ಯಾಕ್ಟೋಸ್ ಅಂದರೆ ಹಾಲಿನ ಸಕ್ಕರೆ. ಲ್ಯಾಕ್ಟೋಸಿನ ಸಿಹಿ ಸಕ್ಕರೆಗಿಂತ ತುಂಬ ಕಡಿಮೆ, ಅದು ಕೊಡುವುದು ಹೆಚ್ಚಾಗಿ ದಪ್ಪ. (ಹಾಲು ಒಗ್ಗದವರು ಲೇಬಲ್ ಓದಲೇಬೇಕು, ಈ ಒಂದು ವಿಷಯಕ್ಕೆ ನನ್ನ ಲೇಬಲ್ ನಿಯಮ ಬಿಟ್ಟುಬಿಡಿ.) ವೆನಿಲಾ ತಾನು ಸಿಹಿಯಲ್ಲ, ಆದರೆ ಆ ಕಂಪು ಬಂದರೆ ಇರುವ ಸಿಹಿ ಹೆಚ್ಚಾಗಿ ಕಾಣುತ್ತದೆ. ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿ ಇಂಪೀರಿಯಲ್ ಸ್ಟೌಟಿಗೆ 8ರಿಂದ 12% ಆಲ್ಕೋಹಾಲ್, 50ರಿಂದ 90 ಐಬಿಯು (ಕಹಿಯ ಅಳತೆ), 1.018ರಿಂದ 1.030 ಎಫ್‌ಜಿ (ಹುದುಗಿದ ಮೇಲೆ ಉಳಿಯುವ ಸಾಂದ್ರತೆ, ಹೆಚ್ಚಿದಷ್ಟೂ ಸಿಹಿ, ದಪ್ಪ) ಅನ್ನುತ್ತದೆ. ನಿಮ್ಮದರಂಥ ಪೇಸ್ಟ್ರಿ ಸ್ಟೌಟುಗಳ (ಸಿಹಿ ತಿಂಡಿಯ ರುಚಿಯವು) ಎಫ್‌ಜಿ ಎಷ್ಟೋ ಸಲ ಅದನ್ನೂ ದಾಟಿರುತ್ತದೆ. ಹಾಗಾಗಿ ಸಿಹಿ ಇದೆಯೋ ಇಲ್ಲವೋ ಅನ್ನುವುದು ಪ್ರಶ್ನೆಯಲ್ಲ. ನುಂಗಿದ ಮೇಲೆ ಹುರಿದ ಬಾರ್ಲಿಯ ಕಹಿ ಮತ್ತು ಆ ಸಣ್ಣ ಒಗರು ಬಂದು ಸಿಹಿಯನ್ನು ಒರೆಸುತ್ತವೆಯಾ ನೋಡಿ. ಒರೆಸಿದರೆ ಬಿಯರ್ ಗೆದ್ದಿತು. ಒಂದು ನಿಮಿಷದ ಮೇಲೂ ತುಟಿ ಅಂಟುತ್ತಿದ್ದರೆ ನಿಮ್ಮ 2 ಅಂಕ ಸರಿ, ನಾನೇ ಒಪ್ಪುತ್ತೇನೆ.

ಫ್ಲೇವರ್ ಹಾಕಿದ್ದನ್ನು ಅಳೆಯುವ ಮುಂಚೆ ಹಾಕದ್ದನ್ನು ಕುಡಿದಿರಬೇಕು. ನಾರ್ತ್ ಕೋಸ್ಟ್‌ನವರ ಓಲ್ಡ್ ರಾಸ್ಪುಟಿನ್, 9%, ನನ್ನ ಪಾಲಿಗೆ ಅದೇ ಅಳತೆಗೋಲು. ಆಮೇಲೆ ಕಾಫಿ, ಚಾಕೊಲೇಟ್ ಸೇರಿದ ಫೌಂಡರ್ಸ್ ಬ್ರೇಕ್‌ಫಾಸ್ಟ್ ಸ್ಟೌಟ್. ಸೇರಿಸಿದ ರುಚಿ ಮಾಲ್ಟಿನ ರುಚಿಯ ಜೊತೆ ಹೇಗೆ ಕೂಡಿಕೊಳ್ಳಬೇಕು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಪ್ರೇರಿಯವರ ಬಾಂಬ್, 13%, ಅದರಲ್ಲಿ ಆಂಚೋ ಮೆಣಸಿನಕಾಯಿಯೂ ಇದೆ. ಬಿಸಿ ಏರಿದಂತೆ ಖಾರವೂ ಏರುತ್ತದೆ, ಆಲ್ಕೋಹಾಲ್ ಅದಕ್ಕೆ ಒತ್ತು ಕೊಡುತ್ತದೆ, ಅದನ್ನು ಕೊನೆಗೇ ಇಟ್ಟುಕೊಳ್ಳಿ. ಸಂಜೆಯ ಕ್ರಮವೂ ಅಷ್ಟೇ: ಹಗುರದಿಂದ ಗಟ್ಟಿಗೆ, ಸಿಹಿಯಿಲ್ಲದ್ದರಿಂದ ಸಿಹಿಗೆ. ಐಪಿಎ ಇನ್ನೊಂದು ದಿನಕ್ಕಿರಲಿ.

ನಿಮ್ಮ ಪೋಸ್ಟಿನ ಕೆಳಗೆ ಯಾರೋ "ಎರಡು ವರ್ಷ ಇಡಿ, ಘಾಟು ಹೋಗುತ್ತದೆ" ಅಂದಿದ್ದಾರೆ. ಬೇಡ. ಸಾದಾ ಇಂಪೀರಿಯಲ್ ಸ್ಟೌಟಾದರೆ ಇಡಬಹುದು, ಪೀಪಾಯಿಯದ್ದಾದರೂ ಇಡಬಹುದು. ಕಾಫಿಯದ್ದು ತಿಂಗಳುಗಳಲ್ಲೇ ಮಂಕಾಗಿ ಹಸಿ ದೊಣ್ಣೆಮೆಣಸಿನ ವಾಸನೆಗೆ ತಿರುಗಬಹುದು. ಕೊಬ್ಬರಿಯಲ್ಲಿ ಎಣ್ಣೆ ಇದೆ, ಹಳೆಯದಾದರೆ ಕಮಟು. ವೆನಿಲಾ ಸದ್ದಿಲ್ಲದೆ ಕರಗಿಹೋಗುತ್ತದೆ. ಹಣ್ಣಿನ ಪ್ಯೂರಿ ಹಾಕಿ ಪಾಶ್ಚರೀಕರಿಸದ ಕ್ಯಾನ್ ಇದ್ದರೆ ಫ್ರಿಜ್‌ನಿಂದ ಆಚೆ ತೆಗೆದಿಡಲೇಬೇಡಿ, ಒಳಗೆ ಮತ್ತೆ ಹುಳಿಯೆದ್ದು ಸಿಡಿಯಬಹುದು. ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ತಾಗಿ ಕೆಟ್ಟದ್ದು, ಅದಕ್ಕೆ ನನ್ನ ಮೂರು ಸುತ್ತೂ ಮದ್ದಲ್ಲ.

ಒಬ್ಬರೇ ಮುಗಿಸಬೇಡಿ. 330 ಮಿಲಿ, 12% ಅಂದರೆ ಸುಮಾರು 31 ಗ್ರಾಂ ಆಲ್ಕೋಹಾಲ್, 5%ನ ಅದೇ ಅಳತೆಯ ಬಾಟಲಿಯಲ್ಲಿ 13 ಗ್ರಾಂ. ಸಿಹಿಯಲ್ಲಿ ಅದು ಗೊತ್ತಾಗುವುದಿಲ್ಲ. ಇಬ್ಬರು ಮೂವರು ಹಂಚಿಕೊಳ್ಳಿ, ಆಗ ಸುತ್ತಿನ ಅಳತೆ ಇನ್ನೂ ಚಿಕ್ಕದಿರಲಿ, ಆ ದಿನ ಗಾಡಿ ಮುಟ್ಟಬೇಡಿ, ಪಕ್ಕದಲ್ಲಿ ನೀರು ಇರಲಿ. ಜೊತೆಗೆ ಏನಾದರೂ ಬೇಕಿದ್ದರೆ ಬ್ಲೂ ಚೀಸ್ ಒಂದು ಚೂರು. ಅದರ ಉಪ್ಪು ಈ ಸಿಹಿಗೆ ಸರಿಯಾದ ಜೋಡಿ. ಸಿಹಿ ತಿಂಡಿ ಬೇಡ.

ಈ ವಾರ ಬಾಟಲಿ ನೆಟ್ಟಗೆ ನಿಂತಿರಲಿ. ಲೇಬಲ್ ಮೇಲಿನ ತಯಾರಿಕೆಯ ತಾರೀಕು ಇಲ್ಲಿ ಹಾಕಿ, ಕಮಟಾಗುವಷ್ಟು ಹಳೆಯದೋ ನೋಡೋಣ. ರಜೆಯ ದಿನ ತೆಗೆದು ಮೂರು ಸುತ್ತಿನ ಮೂರು ಸಾಲೂ ಇದೇ ಪೋಸ್ಟಿನ ಕೆಳಗೆ ಬರೆಯಿರಿ, ನಾನು ಕಾಯುತ್ತಿರುತ್ತೇನೆ.