ಹಳೆ ಮನೆಯ ಫರ್ಸಿ ಎತ್ತಿದರೆ ಏನು ಸಿಗುತ್ತದೆ?

ನೀವು ಕೇಳಿದ್ದು ಇಷ್ಟು: ಹಳೆ ಮನೆಗಳ ನೆಲದಡಿ, ಗೋಡೆಯೊಳಗೆ ವಿಚಿತ್ರ ವಸ್ತುಗಳು ಸಿಗುತ್ತವೆ ಅಂತಾರಲ್ಲ, ಅದು ನಿಜಾನಾ? ಕಣ್ಣಾರೆ ನೋಡಿದವರು ಯಾರಾದರೂ ಇದ್ದೀರಾ?

ನಿಜ. ನಾನು ನೋಡಿದ್ದೇನೆ. ಪುಣೆಯಲ್ಲಿ ಹಳೆ ವಾಡೆಗಳನ್ನು, ಅಂದರೆ ಹಳೆ ಕಾಲದ ದೊಡ್ಡ ಮನೆಗಳನ್ನು, ರಿಪೇರಿ ಮಾಡುವ, ಒಡೆಯುವ ಸೈಟುಗಳಲ್ಲಿ ನಾನು ಸೂಪರ್‌ವೈಸರ್. ಊರು ಕಲಬುರಗಿ ಕಡೆ. ನನ್ನ ಜೊತೆ ಕೆಲಸ ಮಾಡುವವರಲ್ಲಿ ಜಾಸ್ತಿ ಜನ ಜೇವರ್ಗಿ, ಅಫಜಲಪುರದವರು. ಇಲ್ಲಿನ ಎಷ್ಟೋ ಹಳೆ ಮನೆಗಳ ನೆಲಕ್ಕೆ ಹಾಸಿರುವ ಫರ್ಸಿಯೂ, ಅಂದರೆ ಹಾಸುಗಲ್ಲೂ, ನಮ್ಮ ಶಹಾಬಾದ್ ಕಲ್ಲೇ.

ಬಂಗಾರ ತುಂಬಿದ ಕೊಡ ಸಿಕ್ಕಿದ್ದನ್ನು ನಾನಂತೂ ನೋಡಿಲ್ಲ. ಸಿಗುವುದು ಬೇರೆ ಥರದ್ದು. ಅದರಲ್ಲೂ ವಸ್ತುವಿಗಿಂತ ಅದು ಇದ್ದ ಜಾಗ, ಇಟ್ಟಿದ್ದ ರೀತಿ ಜಾಸ್ತಿ ಹೇಳುತ್ತದೆ. ಗಡಿಬಿಡಿಯಲ್ಲಿ ಎತ್ತಿ ಪಕ್ಕಕ್ಕೆ ಹಾಕಿದರೆ ಅದು ಬರೀ ಗುಜರಿ.

ಪುಣೆಯ ಹಳೆ ಬಡಾವಣೆಗಳಿಗೆ ಪೇಠ ಅಂತಾರೆ. ನಾರಾಯಣ ಪೇಠದಲ್ಲಿ ನದಿಗೆ ಹತ್ತಿರದ ಒಂದು ವಾಡೆ. ಅದಕ್ಕೊಂದು ತಳಮನೆ ಇತ್ತು. ಮೆಟ್ಟಿಲಿನ ಬಾಯಿಗೆ ಕಲ್ಲು ಕಟ್ಟಿ, ಮೇಲೆ ಫರ್ಸಿ ಕೂಡಿಸಿದ್ದರು. ಈಗ ಅಲ್ಲಿರುವವರಿಗೆ ಕೆಳಗೆ ಕೋಣೆ ಇದೆ ಅನ್ನುವುದೇ ಗೊತ್ತಿರಲಿಲ್ಲ. ತೆಗೆದು ನೋಡಿದರೆ ಒಳಗೆ ಅರ್ಧದ ಮೇಲೆ ಒಣಗಿದ ಹೂಳು. ಕೈಯಲ್ಲಿ ಹಿಡಿದರೆ ಹಿಟ್ಟಿನ ಹಾಗೆ ಉದುರುತ್ತಿತ್ತು. ಈ ಭಾಗದಲ್ಲಿ ಬಹಳ ಮನೆ ಒಡೆದ ನಮ್ಮ ಮಿಸ್ತ್ರಿ ಕಾಕಾ ನೋಡಿದ ಕೂಡಲೇ ಹೇಳಿದರು, "ಇದು ಪಾನಶೇತ್ ನೀರಿಂದ್ರಿ."

1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆಯಿತು. ಆ ನೀರಿನ ಹೊಡೆತಕ್ಕೆ ಕೆಳಗಿನ ಖಡಕ್‌ವಾಸಲಾ ಅಣೆಕಟ್ಟೂ ಒಡೆದು, ಪುಣೆಯ ನದಿ ದಂಡೆಯ ಪೇಠಗಳೆಲ್ಲ ಮುಳುಗಿದವು. ಇಲ್ಲಿನ ಹಿರಿಯರು ಇವತ್ತಿಗೂ ಮಾತಿನ ನಡುವೆ "ಪಾನಶೇತ್‌ಗಿಂತ ಮುಂಚೆ" ಅಂತ ಹೇಳುವುದನ್ನು ಕೇಳಿದ್ದೇನೆ. ಆ ಮನೆಯವರು ಬಹುಶಃ ತಳಮನೆ ತುಂಬಿದ ಮೇಲೆ ಹೂಳು ತೆಗೆಸುವ ತ್ರಾಣವಿಲ್ಲದೆ ಬಾಯಿ ಮುಚ್ಚಿಸಿಬಿಟ್ಟಿದ್ದರು.

ಹೂಳನ್ನು ಬುಟ್ಟಿಯಲ್ಲಿ ಹೊರಗೆ ತೆಗೆಯುತ್ತಾ ಹೋದಂತೆ ಒಂದೊಂದೇ ಸಾಮಾನು ಬಂತು. ಮಕ್ಕಳ ಪಾಟಿ, ಅಡಕತ್ತರಿ, ಹಿತ್ತಾಳೆ ಡಬರಿ, ಒಂದು ತಾಮ್ರದ ತಂಬಿಗೆ. ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಾಗ ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು ಕಂಡಿತು. ಮದುವೆಯಲ್ಲಿ ಮುಯ್ಯಿ ಕೊಡುವಾಗ ಹೆಸರು ಹಾಕಿಸುತ್ತಾರಲ್ಲ, ಹಾಗೆ. ಒಬ್ಬ ಹೆಣ್ಣುಮಗಳ ಹೆಸರು, ಪಕ್ಕದಲ್ಲಿ ಅಡ್ಡಹೆಸರು. ಮನೆಯ ಯಜಮಾನರು ಎರಡೆರಡು ಸಲ ಓದಿದರು. ಆ ಅಡ್ಡಹೆಸರಿನವರು ಅವರ ಮನೆತನದಲ್ಲಿ ಇಲ್ಲ. ಹಳೆ ಬಾಡಿಗೆದಾರರಲ್ಲೂ ಇರಲಿಲ್ಲ. ಬೇರೆ ಯಾರದೋ ಅಡುಗೆಮನೆಯಿಂದ ಹೊಳೆ ಅದನ್ನು ಎತ್ತಿ ತಂದು ಇವರ ತಳಮನೆಯಲ್ಲಿ ಬಿಟ್ಟಿತ್ತು. ಓಣಿಯಲ್ಲಿ ವಿಚಾರಿಸಿದರು, ಯಾರಿಗೂ ಗೊತ್ತಾಗಲಿಲ್ಲ. ಗುಜರಿಗೆ ಹಾಕಲು ಅವರಿಗೆ ಮನಸ್ಸಾಗಲಿಲ್ಲ. ಈಗಲೂ ತಂಬಿಗೆ ಅವರ ದೇವರ ಕೋಣೆಯಲ್ಲೇ ಇದೆ. ನಾನು ನೋಡಿದ್ದರಲ್ಲಿ ಮನಸ್ಸಿಗೆ ತಟ್ಟಿದ್ದು ಇದೇ.

ಇನ್ನು ಮಹಾರಾಷ್ಟ್ರದ ಮನೆಗಳಲ್ಲಿ ಮತ್ತೆ ಮತ್ತೆ ಸಿಗುವುದು ವಾಸ್ತುಪುರುಷ. ಗೊತ್ತಿಲ್ಲದವರು ನೋಡಿದರೆ ಮಾಟ ಅಂತ ಹೆದರುತ್ತಾರೆ. ಇಲ್ಲಿ ಗೃಹಪ್ರವೇಶಕ್ಕೆ ವಾಸ್ತುಶಾಂತಿ ಮಾಡಿಸಿದಾಗ ಲೋಹದ ಸಣ್ಣ ಪ್ರತಿಮೆಯನ್ನು ಆಗ್ನೇಯ ಮೂಲೆಯಲ್ಲಿ ಹೂಳುವ ರೂಢಿ ಇದೆ. ಅದೂ ಮುಖ ಕೆಳಗೆ ಮಾಡಿ. ಸದಾಶಿವ ಪೇಠದ ಒಂದು ಮನೆಯಲ್ಲಿ ಮೂಲೆಯ ಫರ್ಸಿ ಎತ್ತಿದಾಗ ಇಟ್ಟಿಗೆ ಕಟ್ಟಿದ ಗೇಣಗಲದ ಗುಂಡಿ ಕಂಡಿತು. ಒಳಗೆ ಹಸಿರುಗಟ್ಟಿದ ಪುಟ್ಟ ಪ್ರತಿಮೆ, ಒಂದು ಹವಳ, ಪುಡಿಯಾಗಿ ಹೋದ ಕಾಳು. ಹಾರೆ ಹಿಡಿದಿದ್ದ ಹುಡುಗ ಅಲ್ಲೇ ನಿಂತುಬಿಟ್ಟ. "ಸಾಹೇಬ್ರಿ, ಇದಕ್ಕ ನಾವು ಕೈ ಹಚ್ಚಂಗಿಲ್ರಿ. ಮನಿ ಹಿರ್ಯಾರನ್ನ ಕರೀರಿ ಮೊದಲ."

ಅವನು ಹೇಳಿದ್ದು ಸರಿಯಾಗೇ ಇತ್ತು. ಮನೆಯ ಅಜ್ಜಿಯನ್ನು ಕರೆದೆವು. ಹಬ್ಬದ ದಿನ ಅತ್ತೆಯವರು ಆ ಮೂಲೆಯ ಕಲ್ಲಿನ ಮುಂದೆ ಎಡೆ ಇಡುತ್ತಿದ್ದರಂತೆ. ಯಾಕೆ ಅಂತ ಇವರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅತ್ತೆ ಹೋದ ಮೇಲೆ ಎಡೆ ನಿಂತಿತು. ಆಮೇಲೆ ಭಟ್ಟರನ್ನು ಕೇಳಿ, ಶಾಸ್ತ್ರ ಮಾಡಿಸಿ ಪ್ರತಿಮೆಯನ್ನು ತೆಗೆದರು. ನಮ್ಮ ಕಡೆಯೂ ಹೊಸ್ತಿಲಿನ ಕೆಳಗೆ, ಪಾಯದಲ್ಲಿ ನಾಣ್ಯ, ನವರತ್ನ, ನವಧಾನ್ಯ ಹಾಕುತ್ತೇವೆ ಅಲ್ವಾ? ಅಂಥದ್ದನ್ನು ನಿಧಿ ಅಂದುಕೊಂಡು ಅಗೆಯುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಪುಣೆಯ ಪೇಠಗಳಲ್ಲಿ ನೆಲದಡಿ ಕಲ್ಲಿನ ಕಾಲುವೆ ಕಂಡರೆ "ಶನಿವಾರವಾಡೆಗೆ (ಪೇಶ್ವೆಯರ ಅರಮನೆಗೆ) ಹೋಗುವ ಸುರಂಗ" ಅಂತ ಸುದ್ದಿ ಹಬ್ಬುತ್ತದೆ. ಅದು ಸಾಮಾನ್ಯವಾಗಿ ನೀರಿನ ದಾರಿ. ಸುಮಾರು 1750ರ ಹೊತ್ತಿಗೆ ನಾನಾಸಾಹೇಬ ಪೇಶ್ವೆ ಕಾತ್ರಜ್ ಕೆರೆಯಿಂದ ಊರಿಗೆ ನೆಲದೊಳಗಿನ ಕಾಲುವೆಯಲ್ಲಿ ನೀರು ತರಿಸಿದರು. ಬರೀ ಇಳಿಜಾರಿನ ಮೇಲೆ ಹರಿಯುವ ನೀರು. ನಡುನಡುವೆ ಗಾಳಿಯಾಡಲು, ಹೂಳು ತೆಗೆಯಲು ಬಾವಿಯಂಥ ಬಾಯಿಗಳು. ಕಾಳಾ ಹೌದ್, ಬದಾಮಿ ಹೌದ್ ಎಲ್ಲ ಆ ನೀರು ಬಂದು ಬೀಳುತ್ತಿದ್ದ ತೊಟ್ಟಿಗಳು. 2019ರಲ್ಲಿ ಸ್ವಾರ್‌ಗೇಟ್‌ನಲ್ಲಿ ಮೆಟ್ರೋಗೆ ಅಗೆಯುವಾಗಲೂ ಇಂಥ ಹಳೆ ನೀರಿನ ಸುರಂಗ ಹೊರಬಿದ್ದಿತ್ತು.

ಮುಂಬೈನಲ್ಲಿ ಸಿಕ್ಕಿದ್ದು ಇನ್ನೂ ದೊಡ್ಡದು. 2016ರ ಆಗಸ್ಟ್‌ನಲ್ಲಿ ಮಲಬಾರ್ ಹಿಲ್‌ನ ರಾಜಭವನದಲ್ಲಿ ಒಂದು ಗೋಡೆ ಒಡೆಸಿದರು. ಅದರ ಹಿಂದೆ ಸುರಂಗ ಇದೆ ಅಂತ ಹಳಬರು ಹೇಳುತ್ತಿದ್ದರಂತೆ. ಒಡೆದರೆ ಸುಮಾರು 150 ಮೀಟರ್ ಉದ್ದದ ಬ್ರಿಟಿಷ್ ಕಾಲದ ಬಂಕರ್, 13 ಕೋಣೆಗಳು. ಶೆಲ್ ಸ್ಟೋರ್, ಕಾರ್ಟ್ರಿಜ್ ಸ್ಟೋರ್, ವರ್ಕ್‌ಶಾಪ್ ಅಂತ ಬರೆದ ಹೆಸರುಗಳೂ ಹಾಗೇ ಇದ್ದವು. ಈಗ ಅದನ್ನು ಮ್ಯೂಸಿಯಂ ಮಾಡಿದ್ದಾರೆ. 2022ರಲ್ಲಿ ಭಾಯಖಳದ ಜೆ.ಜೆ. ಆಸ್ಪತ್ರೆಯ ಒಂದು ಹಳೆ ಕಟ್ಟಡದ ಕೆಳಗೂ ಸುಮಾರು 200 ಮೀಟರ್ ಸುರಂಗ ಪತ್ತೆಯಾಯಿತು. ನೀರು ಸೋರುತ್ತಿದೆ ಅಂತ ದೂರು ಬಂದು ಹುಡುಕಲು ಹೋದಾಗ ಕಂಡಿದ್ದು.

ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಕಡೆ ಹಗೇವು ಅಂತೀವಲ್ಲ, ಜೋಳ ತುಂಬಿಡುವ ನೆಲದೊಳಗಿನ ಗುಂಡಿ, ಅಂಥವು ಇಲ್ಲೂ ಹಳೆ ಮನೆಗಳಲ್ಲಿ ಇವೆ. ಬಾಯಿ ತೆಗೆದ ಕೂಡಲೇ ಯಾರೂ ಇಳಿಯಬಾರದು. ಕಾಳು ಉಸಿರಾಡಿ, ಕೊಳೆತು, ಒಳಗಿನ ಆಮ್ಲಜನಕ ಮುಗಿದಿರುತ್ತದೆ. ಇಂಗಾಲದ ಡೈಆಕ್ಸೈಡ್ ತಳದಲ್ಲಿ ಕೂತಿರುತ್ತದೆ. ಇಳಿದವನು ಕೂಗುವ ಮೊದಲೇ ಬೀಳುತ್ತಾನೆ. ಎತ್ತಲು ಹೋದವನೂ ಬೀಳುತ್ತಾನೆ. ಹಿಂದೆ ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ಅದನ್ನೇ ನಂಬಬೇಡಿ. ಬಾಯಿ ಪೂರ್ತಿ ತೆಗೆದಿಡಿ, ಬ್ಲೋವರ್‌ನಿಂದ ಗಾಳಿ ಬಿಡಿ, ಗ್ಯಾಸ್ ಮೀಟರ್ ಇಟ್ಟು ನೋಡಿ. ಬಾಯಿ ತೆಗೆದಿಟ್ಟ ಹೊತ್ತಿನಲ್ಲಿ ಮಕ್ಕಳು ಸುತ್ತಮುತ್ತ ಸುಳಿಯದ ಹಾಗೆ ಕಟ್ಟೆಚ್ಚರ ಇರಲಿ.

ಬಂಗಾರವೇ ಸಿಕ್ಕರೆ? 2021ರ ಕೊನೆಗೆ ಪಿಂಪ್ರಿ ಚಿಂಚವಾಡದ ಚಿಖಲಿಯಲ್ಲಿ ಕಟ್ಟಡದ ಕೆಲಸದವರಿಗೆ ಸಿಕ್ಕಿದ್ದ 216 ಚಿನ್ನದ ನಾಣ್ಯಗಳನ್ನು ಪೊಲೀಸರು ವಶಪಡಿಸಿಕೊಂಡರು. ಸಿಕ್ಕಿದ್ದನ್ನು ತಿಳಿಸದೆ ಮನೆಯಲ್ಲಿ ಇಟ್ಟುಕೊಂಡಿದ್ದರು. ನನ್ನ ಹುಡುಗರಿಗೆ ನಾನು ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಸಿಕ್ಕಿಬೀಳುವವರು ಬಡವರೇ. 1878ರ ನಿಧಿ ಕಾಯ್ದೆ ಇಲ್ಲಿ ಮಹಾರಾಷ್ಟ್ರದಲ್ಲಿ ಈಗಲೂ ಜಾರಿಯಲ್ಲಿದೆ. ನೆಲದಲ್ಲಾಗಲಿ, ನೆಲಕ್ಕೆ ಕಟ್ಟಿದ್ದರಲ್ಲಾಗಲಿ ಹುದುಗಿದ್ದ, 10 ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಕಲೆಕ್ಟರ್‌ಗೆ ಬರೆದು ತಿಳಿಸಬೇಕು. ಅಂದರೆ ಗೋಡೆಯೂ ಸೇರಿತು. ವಾರಸುದಾರರು ಇಲ್ಲ ಅಂತ ತೀರ್ಮಾನವಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಸಿಕ್ಕವನಿಗೆ ಮುಕ್ಕಾಲು, ಜಾಗದ ಮಾಲೀಕನಿಗೆ ಕಾಲು. ಸರ್ಕಾರಕ್ಕೇ ಬೇಕೆಂದರೆ ಲೋಹದ ಬೆಲೆಯ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಟ್ಟು ತೆಗೆದುಕೊಳ್ಳುತ್ತದೆ. ತಿಳಿಸದಿದ್ದರೆ ಪಾಲೂ ಹೋಗುತ್ತದೆ, ಒಂದು ವರ್ಷದವರೆಗೆ ಜೈಲೂ ಆಗಬಹುದು. ತಿಳಿಸಿದರೆ ಕೂಲಿಯವನಿಗೂ ಹಕ್ಕು ಬರುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಈಗ ಪೇಠಗಳಲ್ಲಿ ವಾಡೆಗಳು ಒಂದೊಂದಾಗಿ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿವೆ. ಜೆಸಿಬಿ ಬಂದರೆ ಎಲ್ಲ ಕಲ್ಲುಮಣ್ಣಿನ ಜೊತೆ ಲಾರಿಗೆ. ನಿಮ್ಮ ಮನೆಯೂ ಆ ಸಾಲಿನಲ್ಲಿದ್ದರೆ, ಮೊದಲು ಮನೆಯ ಹಿರಿಯರನ್ನು ಕೂರಿಸಿ ಕೇಳಿ: ಎಲ್ಲಿ ಎಡೆ ಇಡುತ್ತಿದ್ದರು, ಯಾವ ಗೂಡು ಮುಚ್ಚಿಸಿದರು, ಮೊದಲು ಮೆಟ್ಟಿಲು ಎಲ್ಲಿತ್ತು. ಆಮೇಲೆ ದೇವರ ಕೋಣೆ, ಹೊಸ್ತಿಲು, ಆಗ್ನೇಯ ಮೂಲೆ, ಮೆಟ್ಟಿಲಿನ ಕೆಳಗು, ಇಷ್ಟನ್ನು ಕೈಯಿಂದ ಬಿಚ್ಚಿಸಿ. ಸುತ್ತಿಗೆಯ ಹಿಂಬದಿಯಿಂದ ಗೋಡೆ ಬಡಿದು ನೋಡಿ, ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದ ಗುರುತು ಹಾಕಿ. ಏನೇ ಕಂಡರೂ ಇದ್ದಲ್ಲೇ ಫೋಟೋ ತೆಗೆದು ಆಮೇಲೆ ಮುಟ್ಟಿ. ಇನ್ನೊಂದು, ಒಡೆಯುವ ಗುತ್ತಿಗೆಯಲ್ಲಿ ಸಾಗುವಾನಿ ಮರ, ಕಲ್ಲು, ಕಬ್ಬಿಣ ಸಾಮಾನ್ಯವಾಗಿ ಗುತ್ತಿಗೆದಾರನ ಪಾಲಿಗೆ ಹೋಗುತ್ತವೆ. ಒಳಗೆ ಸಿಗುವ ಪಾತ್ರೆ, ಪ್ರತಿಮೆ, ಕಾಗದಪತ್ರ ಮನೆಯವರಿಗೆ ತೋರಿಸದೆ ಹೊರಗೆ ಹೋಗಬಾರದು ಅಂತ ಕರಾರಿನಲ್ಲೇ ಬರೆಸಿ. ಕೆಲಸ ಶುರುವಾದ ಮೇಲೆ ಬರೆಸಲು ಹೋದರೆ ಯಾರೂ ಸಹಿ ಹಾಕುವುದಿಲ್ಲ.